ಔಷಧಿ ಎಂಬ ಹೆಸರಿನ ವಿಷ

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ. ರಜೆಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಮೊಮ್ಮಗ ಹಿತ್ತಲಿನಿಂದ ಕೂಗಿದ: “ಅಜ್ಜಾ, ಈ ಬಾಟ್ಲಿಯೊಳಗಿನ ಮಜ್ಜಿಗಿ ಕುಡೀಲೇನು?”

ಊಟ ಮುಗಿಸಿ ಆಗಷ್ಟೇ ಅಡ್ಡಾಗಿದ್ದೆ. ಹಿತ್ತಲಲ್ಲಿ ಮಜ್ಜಿಗೆ ಎಲ್ಲಿಂದ ಬಂತು ಎಂದುಕೊಳ್ಳುವಷ್ಟರಲ್ಲಿ ಎದೆ ಧಸಕ್ಕೆಂದಿತು. ಹಿಂದಿನ ದಿನ ಸಂಜೆ ಮಾವಿನ ಸಸಿಗಳ ಬುಡಕ್ಕೆ ಹತ್ತಿದ ಗೆದ್ದಲಿಗೆಂದು ಕ್ಲೋರ್‌ಪೈರಿಫಾಸ್ ಕಲಸಿದ್ದೆ. ಕತ್ತಲಾಯಿತು, ಸ್ವಲ್ಪ ಉಳಿಯಿತು. ನಾಳೆ ಹಾಕಿದರಾಯಿತೆಂದು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು ನೀರಿನ ತೊಟ್ಟಿಯ ಹಿಂದೆ ಇಟ್ಟಿದ್ದೆ. ಈ ಕೀಟನಾಶಕ ಡಬ್ಬಿಯಲ್ಲಿರುವಾಗ ತೆಳು ಎಣ್ಣೆಯ ಹಾಗಿರುತ್ತದೆ. ನೀರಿಗೆ ಬಿದ್ದ ಕೂಡಲೇ ಬೆಳ್ಳಗೆ, ತಿಳಿ ಮಜ್ಜಿಗೆಯ ಹಾಗೆಯೇ ಆಗುತ್ತದೆ.

ನಾನು ಓಡಿದೆ. ಹುಡುಗ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಿದ್ದ. ವಾಸನೆಗೆ ಮುಖ ಕಿವಿಚಿಕೊಂಡು, “ಇದು ಹಳಸೈತಿ ಅಜ್ಜಾ” ಎಂದ. ಕುಡಿದಿರಲಿಲ್ಲ. ಬಾಟಲಿ ಕಸಿದುಕೊಂಡು ದೂರ ಇಟ್ಟು, ಅವನ ಕೈಯನ್ನು ಎರಡೆರಡು ಸಲ ಸಾಬೂನು ಹಚ್ಚಿ ತೊಳೆದೆ. ನನ್ನ ಕೈ ನಡುಗುತ್ತಲೇ ಇತ್ತು. ನಮ್ಮಾಕಿ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: “ಆ ಬಾಟ್ಲಿ ಯಾರು ಇಟ್ಟಿದ್ದು?”

ಇಟ್ಟವನು ನಾನೇ. ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವನು.

ರಾತ್ರಿ ಅಂಗಳದಲ್ಲಿ ಮಲಗಿದಾಗ ಹುಡುಗ ಮತ್ತೆ ಕೇಳಿದ: “ಅದು ಏನು ಅಜ್ಜಾ?” “ಗಿಡಕ್ಕ ಹಾಕೋ ಔಷಧಿ” ಎಂದೆ. “ಔಷಧಿ ಅಂದ್ರ ಕುಡಿಯೂದಲ್ಲೇನು? ಜ್ವರ ಬಂದಾಗ ನೀನ ಕುಡಸ್ತಿಯಲ್ಲ?” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡಿಯೋದು’ ಎನ್ನುತ್ತೇವೆ, ಇನ್ನು ಕೆಲವರು ‘ಔಷಧಿ ಹೊಡೆಯೋದು’ ಎನ್ನುತ್ತಾರೆ. ಎಣ್ಣೆ ಅಡುಗೆಮನೆಯಲ್ಲಿರುತ್ತದೆ, ಔಷಧಿ ಮಾಡದಲ್ಲಿರುತ್ತದೆ. ಎರಡೂ ಹೊಟ್ಟೆಗೆ ಹೋಗುವಂಥವು. ಮಗುವಿಗೆ ತಿಳಿಯಬೇಕಾದ ‘ವಿಷ’ ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಬರುವುದೇ ಇಲ್ಲ.

ಆ ರಾತ್ರಿ ಮತ್ತು ಮುಂದಿನ ಎರಡು ದಿನ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳು ಓದಲಿ. ಅವರಿಗಿಂತ ಮೊದಲು ನನ್ನಂಥ ಅಜ್ಜ-ಅಜ್ಜಿಯರು ಓದಲಿ.

‘ಫಾಸ್’ ಮನೆತನ

ನಮ್ಮಲ್ಲಿ ಅಡ್ಡಹೆಸರು ನೋಡಿ ಮನೆತನ ಗುರುತಿಸುವುದಿಲ್ಲವೇ? ಈ ಕೀಟನಾಶಕಗಳಿಗೂ ಹಾಗೊಂದು ಗುರುತು ಇದೆ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್ – ಎಲ್ಲದರ ಬಾಲದಲ್ಲೂ ‘ಫಾಸ್’ ಇದೆ. ಇವುಗಳ ಅಣುವಿನ ನಡುವೆ ರಂಜಕ, ಅಂದರೆ ಫಾಸ್ಫರಸ್ ಕೂತಿರುತ್ತದೆ. ಈ ಗುಂಪಿಗೆ ಆರ್ಗನೊಫಾಸ್ಫೇಟ್ ಎಂದು ಹೆಸರು. ಬಾಲದಲ್ಲಿ ‘ಫಾಸ್’ ಇಲ್ಲದ ನೆಂಟರೂ ಇದ್ದಾರೆ: ಮ್ಯಾಲಥಿಯಾನ್, ಪ್ಯಾರಾಥಿಯಾನ್, ಡೈಮಿಥೊಯೇಟ್. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳಿಂದಾಗಿ ಕುಖ್ಯಾತವಾದ ಎಂಡೋಸಲ್ಫಾನ್ ಈ ಮನೆತನದ್ದಲ್ಲ. ಅದು ಕ್ಲೋರಿನ್ ಇರುವ ಬೇರೆ ಗುಂಪು.

ಡಿಡಿಟಿಯಂಥ ಹಳೆಯ ಕೀಟನಾಶಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕರಗದೆ ಉಳಿಯುತ್ತಿದ್ದವು. ಫಾಸ್ ಮನೆತನದವು ಬಿಸಿಲು, ನೀರು, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಿಕ್ಕು ಅವಕ್ಕಿಂತ ಬೇಗ ಒಡೆಯುತ್ತವೆ. ಅದಕ್ಕೇ ಜಗತ್ತಿನ ರೈತರು ಇವನ್ನು ಮೆಚ್ಚಿದರು. ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಗಳನ್ನು ಇವು ಉಳಿಸಿಕೊಟ್ಟದ್ದು ಸುಳ್ಳಲ್ಲ. ಆದರೆ ಇವುಗಳಲ್ಲಿ ಹಲವು ಮನುಷ್ಯರಿಗೆ ಡಿಡಿಟಿಗಿಂತ ಎಷ್ಟೋ ತೀಕ್ಷ್ಣ. ಡಿಡಿಟಿ ವರ್ಷಗಟ್ಟಲೆ ಉಳಿದು ಕಾಡಿದರೆ, ಇವು ದೇಹಕ್ಕೆ ಸೇರಿದ ಕೆಲವೇ ನಿಮಿಷ, ಗಂಟೆಗಳಲ್ಲಿ ಪ್ರಾಣಕ್ಕೆ ಬರಬಲ್ಲವು.

ಕಪ್ಪೆಯ ಹೃದಯ ಹೇಳಿದ ಗುಟ್ಟು

ಹಾಗೇಕೆ ಎಂದು ತಿಳಿಯಲು ಒಂದು ಕನಸಿನ ಕಥೆ ಕೇಳಬೇಕು. ಆಸ್ಟ್ರಿಯಾ ದೇಶದ ಗ್ರಾಜ್ ಎಂಬ ಊರಿನಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಇದ್ದರು. ನರವು ಸ್ನಾಯುವಿಗೆ ಸಂದೇಶವನ್ನು ಹೇಗೆ ಮುಟ್ಟಿಸುತ್ತದೆ ಎಂಬುದು ಅವರನ್ನು ಕಾಡುತ್ತಿದ್ದ ಪ್ರಶ್ನೆ. ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದರು. ಬೆಳಗ್ಗೆ ನೋಡಿದರೆ ಅವರ ಅಕ್ಷರ ಅವರಿಗೇ ಓದಲು ಬರಲಿಲ್ಲ! ಅದೃಷ್ಟಕ್ಕೆ ಮರುರಾತ್ರಿ ಅದೇ ಕನಸು ಬಿತ್ತು. ಈ ಸಲ ಚೀಟಿಯ ಗೋಜಿಗೆ ಹೋಗದೆ ಸೀದಾ ಪ್ರಯೋಗಾಲಯಕ್ಕೆ ನಡೆದರು.

ಅಲ್ಲಿ ಎರಡು ಕಪ್ಪೆಗಳ ಹೃದಯಗಳನ್ನು ಲವಣದ ನೀರಿನಲ್ಲಿ ಮಿಡಿಯುವಂತೆ ಇಟ್ಟರು. ಮೊದಲನೆಯ ಹೃದಯಕ್ಕೆ ಹೋಗುವ ನರವನ್ನು ಚುರುಕುಗೊಳಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯವಿದ್ದ ನೀರನ್ನು ಎರಡನೆಯ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟದಿದ್ದರೂ ಅದೂ ನಿಧಾನವಾಯಿತು. ಅಂದರೆ ನರದ ತುದಿಯಿಂದ ಯಾವುದೋ ರಾಸಾಯನಿಕ ಹೊರಬಂದು ಸಂದೇಶ ಮುಟ್ಟಿಸುತ್ತಿತ್ತು. ಈ ಪ್ರಯೋಗದ ವರದಿ ಪ್ರಕಟವಾದದ್ದು 1921ರಲ್ಲಿ. ಆ ರಾಸಾಯನಿಕದ ಹೆಸರು ಅಸಿಟೈಲ್‌ಕೋಲೀನ್. ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೆ 1936ರಲ್ಲಿ ನೊಬೆಲ್ ಬಹುಮಾನ ಬಂತು.

ನೀವು ಪೆನ್ಸಿಲ್ ಹಿಡಿದಾಗ, ಉಸಿರೆಳೆದಾಗ, ಬಾಯಲ್ಲಿ ನೀರೂರಿದಾಗ ಈ ಅಸಿಟೈಲ್‌ಕೋಲೀನ್ ಕೆಲಸ ಮಾಡುತ್ತಿರುತ್ತದೆ. ಕರೆಗಂಟೆಯ ಗುಂಡಿ ಒತ್ತುವ ಬೆರಳಿನ ಹಾಗೆ. ಬೆರಳು ಒತ್ತಿದರೆ ಗಂಟೆ ಬಡಿಯಬೇಕು, ತೆಗೆದರೆ ನಿಲ್ಲಬೇಕು. ಆ ಬೆರಳನ್ನು ತೆಗೆಯಲು ದೇಹದಲ್ಲಿ ಒಂದು ಕಿಣ್ವವಿದೆ. ಸಂದೇಶ ಮುಟ್ಟಿದ ಕ್ಷಣವೇ ಅದು ಅಸಿಟೈಲ್‌ಕೋಲೀನನ್ನು ಒಡೆದುಹಾಕುತ್ತದೆ. ಎಷ್ಟು ಚುರುಕೆಂದರೆ, ಒಂದು ಕಿಣ್ವ ಒಂದೇ ಸೆಕೆಂಡಿನಲ್ಲಿ ಸಾವಿರಾರು ಅಣುಗಳನ್ನು ಒಡೆಯುತ್ತದೆ.

ಫಾಸ್ ಮನೆತನದ ವಿಷ ಮಾಡುವುದು ಇಷ್ಟೇ: ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಗುಂಡಿಯ ಮೇಲಿನ ಬೆರಳು ತೆಗೆಯುವವರೇ ಇಲ್ಲ. ಗಂಟೆ ಬಡಿಯುತ್ತಲೇ ಇರುತ್ತದೆ. ಹುಳದ ಕಾಲು, ರೆಕ್ಕೆ ಅದುರಿ ಅದುರಿ ಕೊನೆಗೆ ಸೋತು ಬೀಳುತ್ತದೆ.

“ಹುಳಕ್ಕ ತಾನ? ನಮಗ್ಯಾಕ ತ್ರಾಸು?” ಎಂದ ಮೊಮ್ಮಗ. ಇದೇ ಮುಖ್ಯವಾದ ಪ್ರಶ್ನೆ. ಅದೇ ರಾಸಾಯನಿಕ, ಅಂಥದೇ ಕಿಣ್ವ ಹುಳದಲ್ಲೂ ಇದೆ, ನಾಯಿ, ಕೋಳಿ, ಎತ್ತಿನಲ್ಲೂ ಇದೆ, ನಿನ್ನಲ್ಲೂ ಇದೆ ಎಂದೆ. ಕೆಲವು ವಿಷಗಳನ್ನು ನಮ್ಮ ದೇಹ ಹುಳಕ್ಕಿಂತ ಬೇಗ ಒಡೆದು ಹಾಕಬಲ್ಲದು. ಸೊಳ್ಳೆಗೆಂದು ಪಟ್ಟಣಗಳಲ್ಲಿ ಹೊಗೆ ಬಿಡುವಾಗ ಬಳಸುವ ಮ್ಯಾಲಥಿಯಾನ್ ಅಂಥದು. ಆದರೂ ಆ ಹೊಗೆಯ ಹಿಂದೆ ಓಡುವ ಆಟ ಬೇಡ. ಮೊನೊಕ್ರೊಟೊಫಾಸ್‌ನಂಥವು ಮನುಷ್ಯ, ಹುಳ ಎಂಬ ಭೇದವನ್ನೇ ನೋಡುವುದಿಲ್ಲ. ಮಕ್ಕಳ ಮೈ ಚಿಕ್ಕದು, ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ, ಮೇಲಿಂದ ಮೇಲೆ ಕೈ ಬಾಯಿಗೆ ಹೋಗುತ್ತದೆ. ದೊಡ್ಡವರು ತಡೆದುಕೊಳ್ಳಬಹುದಾದಷ್ಟು ವಿಷವೂ ಅವರಿಗೆ ಹೆಚ್ಚೇ.

ಒಂದು ಕಾನೂನು ಹುಟ್ಟಿದ್ದು

ಲೋವಿಗೆ ನೊಬೆಲ್ ಬಂದ 1936ರಲ್ಲೇ ಜರ್ಮನಿಯಲ್ಲಿ ಗೆರ್ಹಾರ್ಡ್ ಶ್ರೇಡರ್ ಎಂಬ ರಸಾಯನವಿಜ್ಞಾನಿ ಹೊಸ ಕೀಟನಾಶಕ ಹುಡುಕುತ್ತಿದ್ದರು. ಅವರು ಮಾಡಿದ ಒಂದು ವಸ್ತು ಎಂಥ ಘೋರವಾಗಿತ್ತೆಂದರೆ, ಅದರ ಸೋಂಕು ತಾಗಿ ಅವರಿಗೂ ಅವರ ಸಹಾಯಕರಿಗೂ ಕಣ್ಣಿನ ಪಾಪೆ ಕಿರಿದಾಗಿ ಉಸಿರಾಟ ಕಷ್ಟವಾಯಿತು. ಅದೇ ಟಾಬುನ್. ಜರ್ಮನ್ ಸೇನೆ ಅದನ್ನು ಯುದ್ಧದ ವಿಷಾನಿಲವೆಂದು ತೆಗೆದುಕೊಂಡಿತು. ಅದೇ ಶ್ರೇಡರ್ ಅವರ ಕೈಯಲ್ಲಿ 1940ರ ದಶಕದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವೂ ಹುಟ್ಟಿತು. ಅಂದರೆ ಹೊಲಕ್ಕೆ ಹೊಡೆಯುವ ವಿಷವೂ ಯುದ್ಧದ ವಿಷಾನಿಲವೂ ದಾಯಾದಿಗಳು.

ಪ್ಯಾರಾಥಿಯಾನ್ ಫಾಲಿಡಾಲ್ ಎಂಬ ಹೆಸರಿನಲ್ಲಿ ನಮ್ಮ ದೇಶಕ್ಕೂ ಬಂತು. ನನ್ನ ವಯಸ್ಸಿನವರಿಗೆ ಆ ಹೆಸರು ಚೆನ್ನಾಗಿ ನೆನಪಿದೆ. 1958ರಲ್ಲಿ ಸಾಗಣೆಯ ವೇಳೆ ಅದು ಸೋಂಕಿದ ಗೋಧಿ ಹಿಟ್ಟನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಆ ದುರಂತದ ನಂತರ ಸರ್ಕಾರ ಎಚ್ಚೆತ್ತು ವಿಚಾರಣೆ ನಡೆಸಿತು. ಅದರ ಫಲವಾಗಿ ಬಂದದ್ದು 1968ರ ಕೀಟನಾಶಕ ಕಾಯ್ದೆ.

ಆ ಕಾನೂನಿನ ನಿಯಮಗಳು ಮಕ್ಕಳಿಗೂ ಅರ್ಥವಾಗುವ ಒಂದು ಗುರುತನ್ನು ಕೊಟ್ಟಿವೆ. ಪ್ರತಿ ಕೀಟನಾಶಕದ ಡಬ್ಬಿಯ ಮೇಲೆ ಶಂಕರಪೋಳಿಯ ಆಕಾರದ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತಾರೆ. ಕೆಂಪು ಎಂದರೆ ಅತಿ ಘೋರ ವಿಷ. ಅದರ ಮೇಲೆ ತಲೆಬುರುಡೆ, ಅಡ್ಡ ಮೂಳೆಗಳ ಚಿತ್ರವೂ ಇರುತ್ತದೆ. ಹಳದಿ ಎಂದರೆ ತೀವ್ರ ವಿಷ. ನೀಲಿ ಮಧ್ಯಮ. ಹಸಿರು ಉಳಿದವಕ್ಕಿಂತ ಕಡಿಮೆ. ಮೊನೊಕ್ರೊಟೊಫಾಸ್‌ಗೆ ಕೆಂಪು. ನಾನು ಬಾಟಲಿಗೆ ಸುರಿದಿಟ್ಟ ಕ್ಲೋರ್‌ಪೈರಿಫಾಸ್‌ಗೆ ಹಳದಿ. ಹಸಿರು ಇದ್ದರೆ ಪರವಾಗಿಲ್ಲ ಎಂದು ತಿಳಿಯಬೇಡಿ, ಅದೂ ವಿಷವೇ.

ಆದರೆ ಈ ಗುರುತು ಇರುವುದು ಡಬ್ಬಿಯ ಮೇಲೆ. ವಿಷವನ್ನು ಬೇರೆ ಬಾಟಲಿಗೆ ಸುರಿದರೆ ಬಣ್ಣ, ಬುರುಡೆ, ಹೆಸರು ಎಲ್ಲ ಹಿಂದೆಯೇ ಉಳಿಯುತ್ತವೆ. ಸರ್ಕಾರ ಕಷ್ಟಪಟ್ಟು ಮಾಡಿದ ಏರ್ಪಾಟನ್ನು ನಾನು ಒಂದೇ ಸಂಜೆಯಲ್ಲಿ ಅಳಿಸಿಹಾಕಿದ್ದೆ.

ಇಪ್ಪತ್ತಮೂರು ಮಕ್ಕಳು

ಇದರ ಉಲ್ಟಾ ತಪ್ಪು, ಅಂದರೆ ವಿಷದ ಡಬ್ಬಿಗೆ ಆಹಾರ ತುಂಬುವುದು, ಇನ್ನೂ ಘೋರ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ಕೂತರು. ಅನ್ನ, ಸೋಯಾ ಮತ್ತು ಆಲೂಗಡ್ಡೆಯ ಪಲ್ಯ. ಊಟ ಮಾಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆನೋವು, ವಾಂತಿ ಶುರುವಾಯಿತು. 23 ಮಕ್ಕಳು ತೀರಿಕೊಂಡರು. ಪರೀಕ್ಷೆಯಲ್ಲಿ ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದದ್ದು ಗೊತ್ತಾಯಿತು. ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟಿದ್ದರು ಎಂದು ತನಿಖೆ ನಡೆಸಿದವರು ಹೇಳಿದರು.

ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್‌ನಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ಸತ್ತಾಗಲೂ ಅದರಲ್ಲಿ ಸಿಕ್ಕಿದ್ದು ಇದೇ ಮೊನೊಕ್ರೊಟೊಫಾಸ್. ತರಕಾರಿ ಬೆಳೆಗೆ ಇದನ್ನು ಬಳಸಬಾರದೆಂದು 2005ರಲ್ಲೇ ಆದೇಶವಾಗಿತ್ತು. ಏಕೆಂದರೆ ಇದು ಗಿಡದ ರಸದೊಳಗೇ ಸೇರಿಕೊಳ್ಳುತ್ತದೆ, ಮೇಲೆ ತೊಳೆದರೆ ಪೂರ್ತಿ ಹೋಗುವುದಿಲ್ಲ. ರೈತರು ಹೆಚ್ಚಾಗಿ ಬಳಸುತ್ತಿದ್ದ ಇದರ ಶೇಕಡ 36ರ ದ್ರಾವಣವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರಲ್ಲಿ ಆದೇಶ ಹೊರಡಿಸಿತು. ಆದರೆ ಮನೆಯ ಅಟ್ಟದ ಮೇಲಿರುವ ಹಳೆಯ ಡಬ್ಬಿ ಆದೇಶ ಓದುವುದಿಲ್ಲ.

ಹಳೆಯದಾದರೆ ವಿಷದ ಕಸುವು ಹೋಗಿರುತ್ತದೆ ಎಂದು ನಂಬಿದವರಿದ್ದಾರೆ. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ತಡೆಯಲು ಮ್ಯಾಲಥಿಯಾನ್ ಸಿಂಪಡಿಸುತ್ತಿದ್ದ ಸಾವಿರಾರು ಕೆಲಸಗಾರರು ಹಾಸಿಗೆ ಹಿಡಿದರು, ಐವರು ತೀರಿಕೊಂಡರು. ಮ್ಯಾಲಥಿಯಾನ್‌ನ ಒಂದು ಭಾಗ ಐಸೊಮ್ಯಾಲಥಿಯಾನ್ ಎಂಬ ಕಲ್ಮಶವಾಗಿ ಬದಲಾಗಿದ್ದು, ಅದು ಮ್ಯಾಲಥಿಯಾನನ್ನು ಒಡೆಯುವ ನಮ್ಮ ದೇಹದ ಶಕ್ತಿಯನ್ನೇ ಕುಂದಿಸಿತ್ತು. ಬಿಸಿಲಲ್ಲಿ, ಸೆಕೆಯಲ್ಲಿ ಬಹಳ ದಿನ ಇಟ್ಟ ಡಬ್ಬಿಯಲ್ಲಿ ಏನಾಗಿರುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ತಾಗಿದರೆ ಏನು ಮಾಡಬೇಕು?

ಈ ವಿಷ ಬಾಯಿಂದ ಮಾತ್ರವಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ. ತಾಗಿದವರಿಗೆ ವಿಪರೀತ ಬೆವರು, ಜೊಲ್ಲು, ಕಣ್ಣೀರು, ವಾಂತಿ, ಭೇದಿ ಆಗುತ್ತದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಬಹುದು. ಮಾಂಸಖಂಡ ಅದುರುತ್ತದೆ. ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುತ್ತದೆ. ಕೆಲವು ಫಾಸ್‌ಗಳು ದೇಹದೊಳಗೆ ರೂಪ ಬದಲಿಸಿದ ಮೇಲೆ ಪೂರ್ತಿ ಬಲ ತೋರುತ್ತವೆ. ಆದ್ದರಿಂದ ‘ಚೆನ್ನಾಗಿಯೇ ಇದ್ದಾನಲ್ಲ, ನೋಡೋಣ’ ಎಂದು ಕಾಯುತ್ತ ಕೂರಬಾರದು.

ತಕ್ಷಣ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಿರಿ. ಮೈ ಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸಾಬೂನು ಹಚ್ಚಿ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಕಣ್ಣಿಗೆ ಬಿದ್ದಿದ್ದರೆ ನೀರು ಹರಿಸುತ್ತ ಇರಿ. ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ತೆಗೆದುಕೊಂಡು ಹೋಗಿ. ಡಾಕ್ಟರಿಗೆ ಅದೇ ಅರ್ಧ ದಾರಿ ತೋರಿಸುತ್ತದೆ.

ಉಪ್ಪು ನೀರು, ಹುಣಸೆ ಹುಳಿ ಕುಡಿಸಿ ವಾಂತಿ ಮಾಡಿಸುವುದು ನಮ್ಮ ಹಳೆಯ ರೂಢಿ. ದಯವಿಟ್ಟು ಬೇಡ. ಎಷ್ಟೋ ಕೀಟನಾಶಕಗಳನ್ನು ಸೀಮೆಎಣ್ಣೆಯಂಥ ದ್ರಾವಕದಲ್ಲಿ ಬೆರೆಸಿರುತ್ತಾರೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಎರಡನೆಯ ಅಪಾಯ. ಹಾಲು, ತುಪ್ಪವೂ ಮದ್ದಲ್ಲ.

ಮದ್ದು ಇರುವುದು ಆಸ್ಪತ್ರೆಯಲ್ಲಿ. ಅಟ್ರೊಪಿನ್ ಎಂಬ ಇಂಜೆಕ್ಷನ್ ಅಸಿಟೈಲ್‌ಕೋಲೀನ್‌ನ ಹಾವಳಿಯನ್ನು ತಡೆದು ಎದೆಯ ಕಫವನ್ನು ಆರಿಸುತ್ತದೆ. ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧ ಕಟ್ಟಿಬಿದ್ದ ಕಿಣ್ವವನ್ನು ಬಿಡಿಸಲು ನೋಡುತ್ತದೆ. ಆದರೆ ಹೊತ್ತು ಕಳೆದಂತೆ ಆ ಗಂಟು ಬಿಗಿಯಾಗುತ್ತ ಹೋಗುತ್ತದೆ. ಪೂರ್ತಿ ಬಿಗಿದ ಮೇಲೆ ಪ್ರಾಲಿಡಾಕ್ಸಿಮ್ ನಾಟುವುದಿಲ್ಲ, ದೇಹ ಹೊಸ ಕಿಣ್ವ ತಯಾರಿಸುವವರೆಗೆ ಕಾಯಬೇಕು. ಅಲ್ಲಿಯವರೆಗೆ ಕೃತಕ ಉಸಿರಾಟವೂ ಬೇಕಾಗಬಹುದು. ಇಂಥ ಹೊತ್ತಿನಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ನಮ್ಮ ಮನೆಯಲ್ಲಿ ಆದದ್ದು

ಮರುದಿನ ಬೆಳಗ್ಗೆ ನಾನೂ ಮೊಮ್ಮಗನೂ ಮನೆ, ದನದ ಕೊಟ್ಟಿಗೆ, ಪಂಪ್‌ಸೆಟ್ ಕೋಣೆ ಎಲ್ಲ ಹುಡುಕಿದೆವು. ಅವನು ದೂರ ನಿಂತು ಕೈ ತೋರಿಸುವುದು, ನಾನು ಕೈಗವಸು ಹಾಕಿಕೊಂಡು ತೆಗೆಯುವುದು. ಐದು ಡಬ್ಬಿ ಸಿಕ್ಕವು. ಒಂದು ಬಿತ್ತನೆ ಬೀಜದ ಪಕ್ಕದಲ್ಲಿತ್ತು. ಇನ್ನೊಂದರ ಚೀಟಿ ಹರಿದು ಹೆಸರೇ ಹೋಗಿತ್ತು. ಅದಕ್ಕೆ ‘ವಿಷ, ಹೆಸರು ಗೊತ್ತಿಲ್ಲ’ ಎಂದು ಬರೆದು ಬೇರೆ ಇಟ್ಟು, ಏನು ಮಾಡಬೇಕೆಂದು ಕೃಷಿ ಇಲಾಖೆಯವರನ್ನು ಕೇಳಿದೆ. ಒಂದು ಖಾಲಿ ಕ್ಯಾನನ್ನು ನಮ್ಮಾಕಿ ಕೋಳಿಗೆ ನೀರಿಡಲು ಅರ್ಧ ಕೊಯ್ದು ಇಟ್ಟುಕೊಂಡಿದ್ದಳು. ಅದನ್ನೂ ತೆಗೆಸಿದೆ. ಖಾಲಿ ಡಬ್ಬಿಯನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಬೇಕು. ಆಮೇಲೆ ಯಾರೂ ಬಳಸಲಾಗದ ಹಾಗೆ ಡಬ್ಬಿಗೆ ತೂತು ಹೊಡೆದು ಜಜ್ಜಿಬಿಡಬೇಕು. ಕೆರೆ, ಹಳ್ಳ, ಕಾಲುವೆಯಲ್ಲಿ ತೊಳೆಯಬಾರದು.

ಉಳಿದವನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನಮ್ಮಾಕಿಯ ಸೆರಗಿನ ಗಂಟಿನಲ್ಲಿದೆ. ಎಷ್ಟು ಬೇಕೋ ಅಷ್ಟೇ ಕಲಸುವುದು, ಉಳಿಸಿ ಇಡುವುದು ಎಂಬುದೇ ಇಲ್ಲ. ಸಿಂಪಡಿಸುವಾಗ ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್. ಗಾಳಿಗೆ ಎದುರಾಗಿ ಹೊಡೆಯುವುದಿಲ್ಲ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕುವುದಿಲ್ಲ. ಸಿಂಪಡಿಸಿದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂದು ಚೀಟಿಯಲ್ಲಿ ಬರೆದಿರುತ್ತದೆ. ಅಷ್ಟು ದಿನ ಕಾಯುತ್ತೇವೆ.

ಮಕ್ಕಳೇ, ನಿಮಗೆ ಮೂರೇ ಮಾತು. ಗೊತ್ತಿಲ್ಲದ ಬಾಟಲಿಯ ಮುಚ್ಚಳ ತೆಗೆಯಬೇಡಿ, ಮೂಸಿ ನೋಡುವುದೂ ಬೇಡ. ಊಟದ ರುಚಿ, ವಾಸನೆ ವಿಚಿತ್ರವೆನಿಸಿದರೆ ನುಂಗದೆ ಉಗಿದು ದೊಡ್ಡವರಿಗೆ ಹೇಳಿ. ಹೇಳಿದ ಮೇಲೂ ಅವರು ಸುಮ್ಮನೆ ತಿನ್ನು ಎಂದರೆ, ಇನ್ನೊಬ್ಬ ದೊಡ್ಡವರಿಗೆ ಹೇಳಿ.

ಪೆಟ್ಟಿಗೆಯ ಮೇಲೆ ಬರೆಯುವ ಕೆಲಸ ಮೊಮ್ಮಗನದು. ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ವಿಷ’ ಎಂದು ಬರೆದ. ಕೆಳಗೆ ತಲೆಬುರುಡೆಯನ್ನೂ ಬಿಡಿಸಿದ. ಅದು ಸ್ವಲ್ಪ ನಕ್ಕ ಹಾಗೆ ಕಾಣುತ್ತದೆ, ಇರಲಿ. ಊರಿಗೆ ಹೊರಡುವ ಮುಂಚೆ ನನ್ನಿಂದ ಒಂದು ಮಾತು ತೆಗೆದುಕೊಂಡ: ಇನ್ನು ಮೇಲೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಔಷಧಿ ಎನ್ನಬಾರದು, ಎಣ್ಣೆ ಎನ್ನಬಾರದು.

ಮೊನ್ನೆ ಪಕ್ಕದ ಹೊಲದವರು ಬದುವಿನ ಮೇಲೆ ನಿಂತು, “ಏನ್ರಿ ಮಾಸ್ತರ, ಎಣ್ಣಿ ಹೊಡ್ಯಾಕ ಹೊಂಟ್ರೇನ್ರಿ?” ಎಂದು ಕೇಳಿದರು.

“ಇಲ್ರಿ, ವಿಷ ಹೊಡ್ಯಾಕ ಹೊಂಟೇನಿ” ಎಂದೆ. ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬದುವಿನ ಮೇಲೆ ಆಡುತ್ತಿದ್ದ ಮಗಳನ್ನು ಕರೆದು ಮನೆಗೆ ಕಳಿಸಿದರು.